ಬೋರಲು ಹಾಕಿದ ಪಾತ್ರೆಗಳು

"ಉಂಡ ತಟ್ಟೆ ಎತ್ತಿಡೋಕೂ ಬಾರದ ಗಂಡಸು" ಎಂದು ಹೆಂಡತಿ ತನ್ನ ತಮ್ಮನ ಮುಂದೆಯೇ ಅಂದದ್ದು ರುದ್ರಪ್ಪನನ್ನು ಬೆಳಗಿನಿಂದ ಚುಚ್ಚುತ್ತಿತ್ತು. ಮಧ್ಯಾಹ್ನ ಅವನಿಗೆ ಬಡಿಸಿ ಅವಳು ಮೊಮ್ಮಗುವನ್ನು ಮಲಗಿಸಲು ಹೋದಳು. ಉಂಡೆದ್ದವನೇ ಲುಂಗಿ ಎತ್ತಿ ಕಟ್ಟಿ, ಜೀವಮಾನದಲ್ಲಿ ಮೊದಲ ಸಲ ತಟ್ಟೆ, ಅನ್ನದ ಪಾತ್ರೆ, ಸಾರಿನ ಪಾತ್ರೆ ಎಲ್ಲವನ್ನೂ ಥಳಥಳ ಬೆಳಗಿ ಬೋರಲು ಹಾಕಿದ.

ಅವಳು ಬಂದು ನೋಡುತ್ತ ನಿಂತಳು.

"ಈಗ ಫೋನ್ ಮಾಡಿ ಹೇಳು ನಿನ್ನ ತಮ್ಮನಿಗೆ."

"ಅದರಲ್ಲಿ ಅನ್ನ ಇತ್ತಲ್ಲ?"

"ಮಿಕ್ಕಿತ್ತು, ಬೀದಿ ನಾಯಿಗೆ ಹಾಕಿದೆ. ಅದರಲ್ಲೂ ತಪ್ಪು ಹುಡುಕ್ತೀಯಾ? ಒಂದು ಒಳ್ಳೆ ಮಾತು ನಿನ್ನ ಬಾಯಲ್ಲಿ ಬರಲ್ಲ ಬಿಡು."

ಅವಳು ಅನ್ನದ ಪಾತ್ರೆಯನ್ನು ಎತ್ತಿ ಮತ್ತೆ ಒಲೆಯ ಮೇಲಿಟ್ಟಳು.

"ನಾಯಿಗಾದ್ರೂ ಹೊತ್ತಿಗೆ ಸರಿಯಾಗಿ ಊಟ ಸಿಕ್ತಲ್ಲ. ನಾನಿನ್ನೂ ಉಂಡಿಲ್ಲ."