ಕೂಸಿಗೊಂದು ಹೆಸರು, ವೈಫೈಗೆ ಮೂರು!

ವೈಫೈ ಸಿಗದಿದ್ದರೆ ಕಂಪನಿಗೆ ಬೈಯುತ್ತಾ ಕೂರುವವರು ಇದನ್ನು ಪೂರ್ತಿ ಓದಿ...

ಗದಗಿನ ಒಂದು ಹಳೇ ಮನೆ. ಮೊಳದಗಲದ ಮಣ್ಣಿನ ಗೋಡೆ. ರೂಟರ್ ಹಾಲ್‌ನಲ್ಲಿ... ನಡುಮನೆಗೆ ಕಾಲಿಟ್ಟರೆ ನೆಟ್ ಸತ್ತಂತೆಯೇ.

ಬೆಳಗಾದರೆ ಆ ಮನೆಯ ಮಹಾಂತೇಶನ ಮಗಳಿಗೆ ಹೆಸರಿಡುವ ಕಾರ್ಯಕ್ರಮ.

ನಮ್ಮ ಕಡೆ ಕೂಸಿನ ಕಿವಿಯಲ್ಲಿ 'ಕುರ್‌ರ್' ಎಂದು ಕೂಗಿ ಹೆಸರು ಹೇಳುವವಳು ಸೋದರತ್ತೆ. ಹೇಳಿದ ಕೂಡಲೇ ಹೆಂಗಸರೆಲ್ಲ ಆಕೆಯ ಬೆನ್ನಿಗೆ ಗುದ್ದುತ್ತಾರೆ! ಆ ಗುದ್ದೇ ಆಕೆಗೆ ಹೆಮ್ಮೆ.

ಆದರೆ ಮಹಾಂತೇಶನ ತಂಗಿ ನೀಲಾ ಕಾಲು ಮುರಿದುಕೊಂಡು ಬಳ್ಳಾರಿಯಲ್ಲಿ, ಗಂಡನ ಮನೆಯಲ್ಲಿ, ಮಲಗಿದ್ದಳು.

"ಈ ಸಲ ಕಾಕಾನ ಮಗಳು ಹೆಸರು ಹೇಳ್ಲಿ ಬಿಡು," ಎಂದ ಅಣ್ಣ ಫೋನಿನಲ್ಲಿ.

"ಯಾಕ, ನಾ ಸತ್ತೀನೇನು? ಮುರದದ್ದು ಕಾಲು, ಬಾಯಲ್ಲ!" ಎಂದು ಕೂಗಿದವಳು ಅತ್ತೇಬಿಟ್ಟಳು...

ಸರಿ, ವಿಡಿಯೊ ಕಾಲ್‌ನಲ್ಲೇ ಹೇಳಲಿ ಎಂದಾಯಿತು. ಆದರೆ ತೊಟ್ಟಿಲು ಇರುವುದು ನಡುಮನೆಯಲ್ಲಿ!

"ತೊಟ್ಲಾ ಹಾಲ್‌ಗೆ ತರೂಣೇನವ್ವಾ?"

ತಾಯಿ ಗಂಗವ್ವ ಸಿಡಿದೆದ್ದಳು. "ನಿಮ್ಮಿಬ್ಬರನ್ನೂ ತೂಗಿದ ಜಾಗಾ ಅದು. ತೊಟ್ಲಾ ಅಲ್ಲಿಂದ ಸರಿಯಂಗಿಲ್ಲ. ನಿನ್ನ ವೈಫೈ ಡಬ್ಬಿ ಇಲ್ಲಿ ತಾ!"

ಮಹಾಂತೇಶ ರೂಟರ್‌ನಿಂದ ಕೇಬಲ್ ಎಳೆದು ನಡುಮನೆಗೊಂದು, ಅಡುಗೆಮನೆಗೊಂದು ವೈಫೈ ಹರಡುವ ಡಬ್ಬಿ, ಅಂದರೆ ಆಕ್ಸೆಸ್ ಪಾಯಿಂಟ್, ಕೂರಿಸಿದ. ಹುರುಪಿನಲ್ಲಿ ಮೂರೂ ಡಬ್ಬಿಗಳ ವೈಫೈಗೆ ಬೇರೆ ಬೇರೆ ಹೆಸರಿಟ್ಟ.

ತಂಗಿಗೆ ಕಾಲ್ ಮಾಡಿ ಹಾಲ್‌ನಿಂದ ನಡೆದ. ಹೊಸ್ತಿಲು ದಾಟಿದ... ಕಟ್! ಫೋನ್ ಇನ್ನೂ ಹಾಲ್‌ನ ವೈಫೈ ಹೆಸರನ್ನೇ ಹಿಡಿದು ಒದ್ದಾಡುತ್ತಿತ್ತು.

"ಹೆಸರಿಡೂದು ಕೂಸಿಗೋ, ಡಬ್ಬಿಗೋ? ಒಂದ ಮನಿಗೆ ಮೂರು ಹೆಸರು ಯಾಕಲೇ?" ಎಂದು ಗಂಗವ್ವ ರೇಗಿದಳು.

ಮಹಾಂತೇಶ ನಕ್ಕ... ಮರುಕ್ಷಣ ತಲೆ ಚಚ್ಚಿಕೊಂಡ! ಮೂರಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಹಾಕಿದ. ಈಗ ಹೊಸ್ತಿಲು ದಾಟಿದರೂ ನೀಲಾಳ ಮುಖ ಮಾಯವಾಗಲಿಲ್ಲ.

ಮರುದಿನ ಹಾಲ್‌ನಲ್ಲಿ ಆರತಿ ಮುಗಿಯಿತು. ನಡುಮನೆಗೆ ಕೂಸು ಮುಂದೆ, ಫೋನ್ ಹಿಂದೆ. ತೊಟ್ಟಿಲಿನಲ್ಲಿ ಪುಟ್ಟ ಕಿವಿಯ ಬಳಿ ಫೋನ್ ಹಿಡಿದರು.

"ಕುರ್‌ರ್‌ರ್... ಬನಶ್ರೀ!"

ಹೆಂಗಸರು ಕೈ ಎತ್ತಿದರು... ಬೆನ್ನೆಲ್ಲಿ? ಫೋನ್ ಹಿಡಿದಿದ್ದ ಮಹಾಂತೇಶನಿಗೇ ಬಿತ್ತು! "ಯವ್ವಾ, ಸತ್ತೆ!" ಮನೆಯೆಲ್ಲ ನಗು.

ನೀಲಾ ಮಾತ್ರ ನಗಲಿಲ್ಲ. "ನನಗ ಗುದ್ದೋರು ಯಾರೂ ಇಲ್ಲಲ್ಲಣ್ಣಾ..." ಕಣ್ಣು ತುಂಬಿತು.

ಅಷ್ಟರಲ್ಲಿ ಸ್ಕ್ರೀನಿನೊಳಗೆ ಬಳೆ ತುಂಬಿದ ಕೈಯೊಂದು ಬಂತು... ಧಬ್!

ನೀಲಾಳ ಗಂಡನ ತಾಯಿ! ಸೊಸೆಯ ಜೊತೆ ಸಿಡುಕದೆ ಒಂದು ಮಾತೂ ಆಡದವಳು!

"ನಾ ಇಲ್ಲೇನ ನಿನಗ? ತಗೋ, ಇದು ನಿನ್ನ ತವರಿನ ಗುದ್ದು. ಇನ್ನೊಂದು ನಂದು!"

ನೀಲಾ ಅಳುತ್ತಲೇ ನಕ್ಕಳು... ಅತ್ತೆಯನ್ನು ತಬ್ಬಿಕೊಂಡು.

ಈ ಸಲ ಕಾಲ್ ಕಟ್ ಆಗಲಿಲ್ಲ.

ಗೋಡೆ ಎಷ್ಟೇ ದಪ್ಪವಿರಲಿ, ಎಲ್ಲರೂ ಒಂದೇ ಮನೆಯವರು ಎಂದುಕೊಂಡರೆ ಸಂಬಂಧ ಕಟ್ ಆಗುವುದಿಲ್ಲ.

ನಿಮ್ಮ ಮನೆಯಲ್ಲಿ ಯಾರ ದನಿ ಇನ್ನೂ ಹೊಸ್ತಿಲಲ್ಲೇ ನಿಂತಿದೆ?