ಮಡಿಚಿಟ್ಟ ಕೈ

ಒರೆಸಲೆಂದು ಮೊಳೆಯಿಂದ ಇಳಿಸುವಾಗ ಅಪ್ಪನ ಪಟ ಮಾದೇಶನ ಕೈಜಾರಿ ಬಿತ್ತು. ಗಾಜು ಹೊಸಿಲವರೆಗೂ ಚೆಲ್ಲಿತು. ಹಿರಿಯರ ಹಬ್ಬದ ಬೆಳಿಗ್ಗೆಯೇ ಹೀಗಾಯಿತಲ್ಲ ಎಂದು ಅವನು ಚೂರುಗಳ ನಡುವೆ ನಿಂತೇ ಇದ್ದ. ಒಲೆಯ ಮುಂದಿದ್ದ ಪವಿತ್ರ ಎದ್ದು ಬಂದು ಗಂಡನನ್ನು ಪಕ್ಕಕ್ಕೆ ಸರಿಸಿ ಗುಡಿಸಿದಳು. ಚಿತ್ರವನ್ನು ರಟ್ಟಿನ ಸಮೇತ ಬಿಡಿಸಿ ತನ್ನ ಹತ್ತಿರ ಇಟ್ಟುಕೊಂಡು, ಬರೀ ಫ್ರೇಮನ್ನು ಅವನ ಕೈಗೆ ಕೊಟ್ಟು, ಗಾಜು ಹಾಕಿಸಿಕೊಂಡು ಬರಲು ಹನೂರಿಗೆ ಕಳಿಸಿದಳು. ರಾಮಾಪುರದಿಂದ ಅವನು ಹೋಗಿ ಬರುವಷ್ಟರಲ್ಲಿ ಅಡುಗೆಯಾದರೂ ಒಂದು ಹದಕ್ಕೆ ಬರುತ್ತದೆ.

ಎರಡು ವರ್ಷದ ಹಿಂದೆ ಇದೇ ಹಬ್ಬದ ದಿನ ಮಾದೇಶ ಆ ಪಟ ಮುಟ್ಟಿ ಆಣೆ ಮಾಡಿ ಕುಡಿತ ಬಿಟ್ಟಿದ್ದ. ಅಕ್ಕಪಕ್ಕದ ಮನೆಗಳಲ್ಲಿ ತೀರಿಕೊಂಡವರಿಗೆ ಇಷ್ಟವಾದುದನ್ನೆಲ್ಲ ಎಡೆಗೆ ಇಡುತ್ತಾರೆ. ಕೋಳಿ ಸಾರಿನ ಪಕ್ಕದಲ್ಲಿ ಬೀಡಿ, ಕ್ವಾರ್ಟರ್ ಬಾಟಲಿ. ಇವರ ಮನೆಯಲ್ಲಿ ಮಾತ್ರ ಒಂದು ಲೋಟ ಕಾಫಿ. ನಿಮ್ಮಪ್ಪ ಅದನ್ನೆಲ್ಲ ಮುಟ್ಟಿದವರಲ್ಲ ಎಂದು ಅವ್ವ ಚಿಕ್ಕಬಸಮ್ಮ ಮೊದಲಿಂದ ಹೇಳಿಕೊಂಡು ಬಂದಿದ್ದಳು. ಅಂಥ ಅಪ್ಪನಿಗೆ ಹುಟ್ಟಿ ಹೀಗಾದೆನಲ್ಲ ಎಂದು ಅವತ್ತು ಅತ್ತವನು ಆಮೇಲೆ ಬ್ರಾಂದಿ ಅಂಗಡಿಯ ಕಡೆ ಹೋಗಿರಲಿಲ್ಲ. ಕಾಲು ಆ ಕಡೆ ಎಳೆದ ಸಂಜೆಗಳಲ್ಲಿ ಬಂದು ಪಟದ ಮುಂದೆ ಸುಮ್ಮನೆ ಕೂರುತ್ತಿದ್ದ. ತನ್ನ ಸಂಸಾರ ತೂಗುಬಿದ್ದಿರುವುದೇ ಆ ಮೊಳೆಗೆ ಎಂದು ಪವಿತ್ರಳಿಗೆ ಎಷ್ಟೋ ಸಲ ಅನ್ನಿಸಿತ್ತು.

ರಟ್ಟಿನ ಧೂಳು ಕೊಡವುವಾಗ ಚಿತ್ರದ ಕೆಳಗಿನ ಅಂಚು ಬಿಚ್ಚಿಕೊಂಡಿತು. ಅದು ಫೋಟೊ ಕಾಗದವಲ್ಲ, ತೆಳ್ಳಗಿನ ನುಣುಪು ಹಾಳೆ. ಹಿಂದಕ್ಕೆ ಮಡಿಚಿದ್ದ ಭಾಗವನ್ನು ಬಿಡಿಸಿದಳು. ಕೋಟು ತೊಟ್ಟು, ಕ್ರಾಪು ಬಾಚಿ, ತುಟಿಯಂಚಿನಲ್ಲೇ ನಗುತ್ತಿದ್ದ ಮಾವನಿಗೆ ಎದೆಯ ಕೆಳಗೆ ಒಂದು ಕೈ ಬಂತು. ಕೈಯಲ್ಲಿ ಐಸ್ ತೇಲುವ ಗಾಜಿನ ಲೋಟ. ಪಕ್ಕದಲ್ಲಿ ಬಂಗಾರದ ಲೇಬಲ್ಲಿನ ಬಾಟಲಿ. ಅದರಡಿಯ ದಪ್ಪ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಿದರೆ, ವಿಸ್ಕಿ. ಹಾಳೆಯ ಬೆನ್ನಿಗೆ ಯಾವುದೋ ಹೊಲಿಗೆ ಯಂತ್ರದ ಅರ್ಧ ಜಾಹೀರಾತು.

ಕೋಟು ಸ್ಟುಡಿಯೊದವರದು ಎಂದು ಮನೆಮಂದಿಯೆಲ್ಲ ನಂಬಿದ್ದರು. ಹಾಗಾದರೆ ಬಾಟಲಿಯೂ ಸ್ಟುಡಿಯೊದವರದೇ? ಹೂಗ್ಯಂ ಹಳ್ಳಿಯಲ್ಲಿ ರಾಗಿ ಬಿತ್ತಿಕೊಂಡಿದ್ದ ಮಾವ ಹಳೇ ಪತ್ರಿಕೆಯೊಳಗೆ ಬಂದು ನಿಂತದ್ದು ಹೇಗೆ? ಬಂದಿದ್ದರೆ ಅತ್ತೆ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿರಲಿಲ್ಲವೇ? ಸಾರು ಉಕ್ಕಿ ಬೆಂಕಿಗೆ ಬಿದ್ದ ಸದ್ದಿಗೆ ಅವಳಿಗೆ ಎಚ್ಚರವಾಯಿತು. ಪಾತ್ರೆ ಇಳಿಸಿ ಹಿತ್ತಲಿಗೆ ನಡೆದಳು.

ಚಿಕ್ಕಬಸಮ್ಮ ಒರಳಲ್ಲಿ ವಡೆಗೆ ರುಬ್ಬುತ್ತಿದ್ದಳು. ಬಿಡಿಸಿದ ಹಾಳೆಯನ್ನು ಕಂಡರೂ ಗುಂಡು ನಿಲ್ಲಿಸಲಿಲ್ಲ.

"ಯಾರತ್ತೆ ಇದು?"

"ಗೊತ್ತಿಲ್ಲ ಕಣವ್ವ. ಯಾರೋ ಪುಣ್ಯಾತ್ಮ."

ಆಮೇಲೆ ತಾನಾಗಿಯೇ ಹೇಳಿದಳು. ಗಂಡ ಹೋದಾಗ ಮಾದೇಶ ಇನ್ನೂ ತೊಟ್ಟಿಲಲ್ಲಿದ್ದ. ಒಂದು ಪಟ ತೆಗೆಸೋಣ ಎಂದು ಅದಕ್ಕೂ ಮುಂಚೆ ಒಮ್ಮೆ ಗಂಡಹೆಂಡತಿ ಕೊಳ್ಳೇಗಾಲಕ್ಕೆ ಹೊರಟಿದ್ದರು. ಬಸ್ಸಿಳಿದವನು ಸ್ಟುಡಿಯೊ ತನಕ ಬರಲೇ ಇಲ್ಲ, ದಾರಿಯಲ್ಲಿದ್ದ ಅಂಗಡಿಯಲ್ಲಿ ಕೂತುಬಿಟ್ಟ. ಸ್ಕೂಲಿಗೆ ಸೇರಿದ ಮೇಲೆ ಹುಡುಗ, ನಮ್ಮಪ್ಪ ಹೆಂಗಿದ್ದ ಎಂದು ದಿನಾ ಪೀಡಿಸತೊಡಗಿದ. ಆಗ ಅವಳು ಡಾಕ್ಟರ ಮನೆಯಲ್ಲಿ ಮುಸುರೆ ತಿಕ್ಕುತ್ತಿದ್ದಳು. ಗೂಡಿಗೆ ಹಾಸಿಕೋ ಎಂದು ಆ ಮನೆಯ ಅಮ್ಮ ಕೊಟ್ಟ ಹಳೇ ಪತ್ರಿಕೆಗಳಲ್ಲಿ ಈ ಮುಖ ಸಿಕ್ಕಿತು.

ಪವಿತ್ರ ಒರಳಿನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು. "ಅಂಗಾದ್ರೆ ಮಾವ ಕುಡೀತಿದ್ರಾ?"

"ಕುಡ್ದೇ ಓದ್ರು."

"ಇವ್ರ ಕೈಲೂ ಅದೇ ಅದಲ್ಲತ್ತೆ."

"ನೋಡ್ಕಂಡೇ ಮಡಚ್ದೆ. ಅವ್ರ ಕೈಯಿಂದ ಬುಡ್ಸಕ ನನ್ ಕೈಲಿ ಆಗ್ನಿಲ್ಲ. ಇವ್ನ ಕೈನಾರ ಮಡಚ್ಬೌದಾಗಿತ್ತು." ಮುದುಕಿ ಬೆರಳಿಂದ ಹಿಟ್ಟನ್ನು ಗುಂಡಿನಡಿಗೆ ತಳ್ಳಿದಳು. ಮಾದೇಶನಿಗೆ ಹೇಳುವುದೋ ಬೇಡವೋ ಎಂದು ಕೇಳಿದ್ದಕ್ಕೆ, ನಿನ್ನ ಗಂಡ, ನಿನಗೆ ಬಿಟ್ಟದ್ದು ಎಂದಳು.

ಪವಿತ್ರಳಿಗೆ ಯಾವುದೂ ಬಗೆಹರಿಯಲಿಲ್ಲ. ವಿಸ್ಕಿ ಮಾರುವವನ ಮೇಲೆ ಇಟ್ಟ ಆಣೆ ಆಣೆಯೇ? ಹೇಳಿದರೆ ಸಂಜೆಯೊಳಗೆ ಗಂಡನ ಕಾಲು ಯಾವ ಕಡೆ ತಿರುಗುತ್ತದೋ. ಹೇಳದಿದ್ದರೆ, ನಿಜವಾದ ಮಾವ ಇಷ್ಟು ವರ್ಷ ಬಂದು, ಬೇರೆಯವನ ಮುಖವನ್ನೂ ಬೇಡದ ಕಾಫಿಯನ್ನೂ ನೋಡಿ, ಯಾರ ಮನೆಯ ಎಡೆಗೆ ಹೋದರೋ. ಹಾಳೆಯನ್ನು ಮೊದಲಿನಂತೆ ಮಡಿಚಲು ಹೋದಳು. ಹಳೆಯ ಮಡಿಕೆ ಸೀಳುಬಿಟ್ಟಿತ್ತು. ಇನ್ನೂ ಹರಿದೀತೆಂದು ಸ್ವಲ್ಪ ಕೆಳಗೇ ಮಡಿಚಿದಳು.

ಮಾದೇಶ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಚಿತ್ರ ಫ್ರೇಮಿನೊಳಗೆ ಸೇರಿ ಮೊಳೆಗೇರಿತ್ತು. ಹೂವಾಯಿತು, ಎಡೆಯಾಯಿತು, ಕಾಫಿ ಬಂತು. ಈ ವರ್ಷವೂ ಮುಟ್ಟಲಿಲ್ಲ ಎಂದು ಅಪ್ಪನಿಗೆ ಒಪ್ಪಿಸಿ ಕೈಮುಗಿದವನು, ತಲೆಯೆತ್ತಿ ಹತ್ತಿರಕ್ಕೆ ಬಾಗಿದ.

"ಅವ್ವ, ಅಪ್ಪನ ಬೆಳ್ಳು ಕಾಣ್ತಾ ಅವೆ. ಯಾವತ್ತೂ ಕಂಡಿರ್ನಿಲ್ಲ."

ಪವಿತ್ರಳ ಕೈಯಲ್ಲಿ ಸೌಟು ನಿಂತಿತು. ಹೊಸ ಗಾಜಿನ ಹಿಂದೆ, ಫ್ರೇಮಿನ ಅಂಚಿಗೆ, ಮಡಿಸಿದ ಎರಡು ಬೆರಳು.

"ಏನೋ ಇಡ್ಕಂಡಂಗದೆ. ಏನವ್ವ ಅದು?"

ಚಿಕ್ಕಬಸಮ್ಮ ದೀಪದ ಬತ್ತಿ ಸರಿಮಾಡುತ್ತಿದ್ದಳು, ತಿರುಗಲಿಲ್ಲ. "ನಿನ್ ಕೈ ಕಣ್ಲಾ. ಕೂಸು ನೀನು, ಒಂದ್ಗಳ್ಗ ಸುಮ್ಕಿರ್ನಿಲ್ಲ. ಅದ್ಕೇ ಪಟಕ್ಕ ಬರ್ನಿಲ್ಲ."

ಎಡೆಯ ಕಾಫಿ ಆರುವವರೆಗೂ ಮಾದೇಶ ಆ ಬೆರಳುಗಳ ಕೆಳಗೆ, ಗಾಜಿನ ಮೇಲೆ, ತನ್ನ ಬೆರಳಿಟ್ಟುಕೊಂಡು ನಿಂತಿದ್ದ.