ಪೇಟಿ ಮಾಸ್ತರರ ವೆಬ್‌ಸೈಟು

ಊರೂರು ತಿರುಗುವ ನಾಟಕ ಕಂಪನಿಯಲ್ಲಿ ಮೂವತ್ತು ವರ್ಷ ಹಾರ್ಮೋನಿಯಂ ನುಡಿಸಿದ ಪೇಟಿ ಮಾಸ್ತರರು, ಎರಡು ದಿನ ಕಂಪ್ಯೂಟರ್ ಅಂಗಡಿಯ ಬಾಗಿಲವರೆಗೆ ಬಂದು ಹೋಗಿ, ಮೂರನೆಯ ದಿನ ಒಳಗೆ ಬಂದರು. ತಮಗೊಂದು ವೆಬ್‌ಸೈಟು ಬೇಕೆಂದರು.

"ಏನಂತ ಹೆಸರಿಡೂಣ್ರಿ?" ಅಂಗಡಿಯಾಕೆ ಕೇಳಿದಳು.

"ನನ್ನ ತಂಗಿ ನನಗ ಪೇಟಿಯಣ್ಣ ಅಂತ ಕರೀತಿದ್ಲು. ಅದನ್ನ ಇಡವ್ವಾ."

ಆ ಹೆಸರನ್ನು ಯಾರೂ ತೆಗೆದುಕೊಂಡಿರಲಿಲ್ಲ. ಮಾಸ್ತರರಿಗೆ ಸಮಾಧಾನವಾಯಿತು.

"ಸೈಟ್ ಇಡೂ ಜಾಗ, ಅಂದ್ರ ಹೋಸ್ಟಿಂಗ್, ಸಣ್ಣದು ಸಾಕೋ, ದೊಡ್ಡದು ಬೇಕೋ? ದಿನಾ ಎಷ್ಟು ಮಂದಿ ನೋಡಬಹುದ್ರಿ?"

"ಆಕಿ ಒಬ್ಬಾಕಿ ನೋಡಿದ್ರ ಸಾಕು. ಆಕಿ ಪತ್ರ ಬರೂದ್ರಾಗ ನಮ್ಮ ಕಂಪನಿ ಮುಂದಿನ ಊರಿಗೆ ಹೋಗಿರ್ತಿತ್ತು. ಪತ್ರ ನಿಂತು ಹನ್ನೊಂದು ವರ್ಷ ಆತು. ಈಗ ಆಕಿ ಎಲ್ಲಿ ಅದಾಳೋ ನನಗ ಗೊತ್ತಿಲ್ಲ, ನಾ ಎಲ್ಲಿ ಅದೀನೋ ಆಕಿಗೆ ಗೊತ್ತಿಲ್ಲ."

ಅಂಗಡಿಯಾಕೆ ಸಣ್ಣದನ್ನೇ ಆರಿಸಿ, ಅರ್ಜಿ ತುಂಬತೊಡಗಿದಳು. ಮಾಸ್ತರರ ಹೆಸರು, ಫೋನ್ ನಂಬರು ಆಯಿತು.

"ನಿಮ್ಮ ಕಾಯಂ ವಿಳಾಸ ಹೇಳ್ರಿ."

ಮಾಸ್ತರರು ಕಂಪ್ಯೂಟರಿನ ಕಡೆ ಕೈ ಮಾಡಿದರು.

"ಅದನ್ನ ತಗೊಳ್ಳಾಕ ಬಂದೀನವ್ವಾ."